ಛತ್ತಿನ ನಳ, ಓಣಿಯ ಕೊಡ

ಶಹಾಬಾದಿನಲ್ಲಿ ಗಣಿ ಎಂದರೆ ಕಲ್ಲು ತೆಗೆಯುವ ಗುಂಡಿ, ಗನಿ ಎಂದರೆ ಕಾಗದ ತೆಗೆಸಿಕೊಡುವ ಮನುಷ್ಯ. ಮೊದಲಿನವು ಊರ ಸುತ್ತ ಎಣಿಕೆಗೆ ಸಿಗುವುದಿಲ್ಲ. ಎರಡನೆಯದು ಒಂದೇ ಒಂದು: ಅಬ್ದುಲ್ ಗನಿ, ಎಲ್ಲರ ಬಾಯಲ್ಲಿ ಗನಿ ಭಾಯಿ. ವಯಸ್ಸು ಐವತ್ತಾರು. ಮೆಹಂದಿ ಹಚ್ಚಿದ ಗಡ್ಡ, ಹೆಗಲಿಗೆ ರೆಕ್ಸಿನ್ ಚೀಲ, ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕಕ್ಕೆ ಒಂದು ಪುಟ್ಟ ಹಿತ್ತಾಳೆಯ ನಳ. ನಳದ ಬಾಯಿಗೆ ಅಡ್ಡವಾಗಿ ಗಾಜಿನ ಕಾಳು, ಕಾಳಿನೊಳಗೆ ಕೆಂಪು ದ್ರವ. ಬೆಂಕಿ ಹತ್ತಿ ಕಾವು ಏರಿದರೆ ಗಾಜು ಒಡೆದು ನೀರು ಚಿಮ್ಮುತ್ತದೆ. ಕಂಪನಿಯವರು ಇದನ್ನು ಸ್ಪ್ರಿಂಕ್ಲರ್ ಎಂದರು. ಚಾವಣಿಗೆ ಛತ್ತು ಎನ್ನುವ ನಮ್ಮ ಜನ ಛತ್ತಿನ ನಳ ಎಂದರು.

ದೊಡ್ಡ ಗೋದಾಮು, ಆಸ್ಪತ್ರೆ, ಮದುವೆಯ ಹಾಲ್, ಹೀಗೆ ಜನ ಗುಂಪುಗೂಡುವ ಕಟ್ಟಡ ಕಟ್ಟಿದವರು ಛತ್ತಿನ ನಳ ಕೂಡಿಸಿ, ಅದು ಸರಿಯಿದೆಯೆಂದು ಅಗ್ನಿಶಾಮಕ ಇಲಾಖೆಯಿಂದ ಪರವಾನಿಗೆ ತಂದ ಮೇಲೆಯೇ ಬಾಗಿಲು ತೆಗೆಯಬೇಕು. ನಕ್ಷೆ ಬರೆಯುವುದು, ಅರ್ಜಿ ಹಾಕುವುದು, ತಪಾಸಣೆಗೆ ಬಂದ ಸಾಹೇಬರ ಹಿಂದೆ ಏಣಿ ಹೊತ್ತು ತಿರುಗುವುದು, ಕಲಬುರಗಿಗೆ ಹೋಗಿ ಕಾಗದ ತರುವುದು, ಇಷ್ಟೂ ಗನಿ ಭಾಯಿಯ ಉದ್ಯೋಗ. ಅವರ ಅಪ್ಪ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಸೀಳಿ ಬದುಕಿದವರು. ಮಗ ಉಳಿಯ ಬದಲು ಸ್ಪ್ಯಾನರ್ ಹಿಡಿದು ವಾಡಿಯ ಗುತ್ತಿಗೆದಾರರ ಕೈಕೆಳಗೆ ಹದಿನೆಂಟು ವರ್ಷ ಪೈಪು ಜೋಡಿಸಿದರು. ಬೆನ್ನು ನೋಯತೊಡಗಿದಾಗ ಸ್ಪ್ಯಾನರ್ ಇಟ್ಟು ಸ್ಕೇಲು ಎತ್ತಿಕೊಂಡರು. "ಮೊದ್ಲು ಪೈಪಿನಾಗ ನೀರು ಬಿಡ್ತಿದ್ದೆ, ಈಗ ಫೈಲು ಬಿಡ್ತೀನಿ. ಎರಡರಾಗ ನೀರೇ ಲಗೂನ ಹರಿತದ" ಎನ್ನುತ್ತಾರೆ.

ಈ ಉದ್ಯೋಗದಲ್ಲಿ ಕಾಗದ ತರುವುದಕ್ಕಿಂತ ಕಷ್ಟವಾದದ್ದು ಮಂದಿಗೆ ತಿಳಿಸಿ ಹೇಳುವುದು. ಕೊಡ್ಲಿ ಊರಿನ ತೊಗರಿ ವ್ಯಾಪಾರಿ ನಾಮದೇವ ತನ್ನ ಗೋದಾಮಿನ ನಕ್ಷೆಯನ್ನು ಉಲ್ಟಾ ಹಿಡಿದು ನೋಡಿ, ಬಹಳ ಹೊತ್ತು ಯೋಚಿಸಿ, ಗನಿ ಭಾಯಿಯ ಕಿವಿಯ ಹತ್ತಿರ ಬಂದಿದ್ದ.

"ಭಾಯಿ, ಶೇಂಗಾಕ್ಕಂತ ತಂದ ಸ್ಪ್ರಿಂಕ್ಲರ್ ಹೊಲದಾಗ ಬಿದ್ದಾವ ನೋಡ್ರಿ, ಸಬ್ಸಿಡಿದವು. ಅವೇ ಮ್ಯಾಲ ಕಟ್ಟಿಬಿಟ್ರ?"

"ಕಟ್ರಿ, ಕಟ್ರಿ. ಬೆಂಕಿ ಆರ್ಲಿಲ್ಲಂದ್ರೂ ಗೋದಾಮಿನಾಗ ಶೇಂಗಾ ಹುಟ್ತಾವ."

ಸೇಡಂನ ಆಸ್ಪತ್ರೆಯೊಂದರ ಯಜಮಾನತಿ ರಮಾಬಾಯಿಗೆ ಬೇರೆಯೇ ಚಿಂತೆ. ಬೇಸಿಗೆಯಲ್ಲಿ ನಳಗಳು ತಾವಾಗಿಯೇ ಒಡೆದು ಮಲಗಿದ ರೋಗಿಗಳಿಗೆ ಸ್ನಾನ ಮಾಡಿಸಿದರೆ ಏನು ಗತಿ?

"ಅರವತ್ತೆಂಟು ಡಿಗ್ರಿಗೆ ಒಡಿತಾವ್ರಿ ಅಕ್ಕೋರೆ. ನಮ್ಮ ಬಿಸಿಲು ನಲವತ್ತೈದಕ್ಕ ನಿಂತದ. ಇನ್ನೂ ಇಪ್ಪತ್ಮೂರು ಡಿಗ್ರಿ ಮರ್ಯಾದಿ ಇಟ್ಕೊಂಡದ."

ಎಲ್ಲರಿಗೂ ಹೇಳುವ ಕೊನೆಯ ಮಾತು ಮಾತ್ರ ಒಂದೇ: "ಕಾಗದ ಬರೋತನಕ ಒಳಗ ಒಂದು ಕುರ್ಚಿ ಸೈತ ಹಾಕಬ್ಯಾಡ್ರಿ." ಸೇಡಂನಿಂದ ಶಹಾಬಾದಿನವರೆಗೆ ಈ ಮಾತನ್ನು ಎಷ್ಟು ಸಲ ಹೇಳಿದ್ದರೆಂದರೆ, ಚಿಂಚೋಳಿಯ ಬಸ್ ಸ್ಟ್ಯಾಂಡಿನಲ್ಲಿ ಅವರನ್ನು ಕಂಡವರು "ಭಾಯಿ, ಕುಂದ್ರಬೇಕಾ, ಕಾಗದ ತರಬೇಕಾ?" ಎಂದು ಕಾಡುತ್ತಿದ್ದರು.

ಆ ಮಾತು ಒಂದು ದಿನ ತಿರುಗಿ ಬಂದು ಅವರ ಮನೆಯಂಗಳದಲ್ಲೇ ಕುಳಿತಿತು.

ಚಿತ್ತಾಪುರದ ಬೀಜ-ಗೊಬ್ಬರದ ವ್ಯಾಪಾರಿ ಅಮೃತಪ್ಪ ಊರ ಅಂಚಿನಲ್ಲಿ ಆರುನೂರು ಜನ ಕೂಡುವ ಹಾಲ್ ಕಟ್ಟಿಸಿದ. ಹೆಸರು ಅಮೃತ ಫಂಕ್ಷನ್ ಹಾಲ್. ಪರವಾನಿಗೆಯ ಕೆಲಸ ಗನಿ ಭಾಯಿಗೆ ಬಂತು. ಅದೇ ಹೊತ್ತಿಗೆ ಅವರ ಮಗಳು ನಗ್ಮಾಗೆ ಚಿಂಚೋಳಿಯಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟ ತಾಹಿರ್ ಜೊತೆ ಸಂಬಂಧ ಕೂಡಿಬಂತು. ಶಹಾಬಾದಿಗೂ ಚಿಂಚೋಳಿಗೂ ನಡುವೆ ಚಿತ್ತಾಪುರ. ಅಮೃತಪ್ಪ ಗನಿ ಭಾಯಿಯ ಹೆಗಲ ಮೇಲೆ ಕೈ ಹಾಕಿ, "ನಮ್ಮ ಹಾಲಿನ ಮೊದಲನೇ ಲಗ್ನ ನಿಮ್ಮ ಮಗಳದೇ ಆಗ್ಲಿ. ಅಡಿಗಿ ಮನ್ಯಾಗ ಮಾಂಸ ಒಂದು ಬ್ಯಾಡ, ಅಷ್ಟೇ" ಎಂದ. ಗನಿ ಭಾಯಿ ಒಪ್ಪಿದರು. ನಿಕಾಹದ ದಿನ ಮಸಾಲೆಯ ಬಗಾರಾ ಅನ್ನ, ಬದನೆಕಾಯಿ, ಸಿಹಿಗೆ ಡಬಲ್ ಕಾ ಮೀಠಾ. ಬಿರಿಯಾನಿಯ ಜವಾಬ್ದಾರಿ ಚಿಂಚೋಳಿಯಲ್ಲಿ ಗಂಡಿನ ಕಡೆಯವರು ಹಾಕಿಸುವ ವಲೀಮಾ ಊಟಕ್ಕೆ.

ದಿನ ಹುಡುಕುವುದೇ ಕಷ್ಟವಾಯಿತು. ರಂಜಾನ್ ಮುಗಿದು ಈದ್ ಆಗಬೇಕು. ಈದ್ ಆದ ಮರು ತಿಂಗಳಿಗೆ ನಮ್ಮ ಕಡೆ 'ಖಾಲಿ ತಿಂಗಳು' ಎನ್ನುತ್ತಾರೆ, ಅದರಲ್ಲಿ ಮದುವೆ ಮಾಡುವುದಿಲ್ಲ. ನಡುವೆ ಉಳಿದ ನಾಲ್ಕು ವಾರಗಳಲ್ಲಿ ಏಪ್ರಿಲ್ ಕೊನೆಯ ಭಾನುವಾರ ಎಲ್ಲರಿಗೂ ಹೊಂದಿತು. ಹೆಂಡತಿ ಖುರ್ಷಿದಬೇಗಂ ತಡಮಾಡದೆ ಬಂಗಾರದ ಅಕ್ಷರದಲ್ಲಿ, ಉರ್ದು ಒಂದು ಕಡೆ ಕನ್ನಡ ಒಂದು ಕಡೆ, ಹಾಲಿನ ಹೆಸರು ಸಮೇತ ಕಾರ್ಡು ಅಚ್ಚು ಹಾಕಿಸಿಬಿಟ್ಟರು.

"ಅಜೀ, ಪರವಾನಿಗಿ ಬರ್ಲಿಲ್ಲಂದ್ರ?"

"ಬರ್ಲಿಲ್ಲಂದ್ರ ಸಾಲಿ ಮೈದಾನದಾಗ ಮಾಡೂಣು."

"ಏಪ್ರಿಲ್ ಬಿಸಿಲಾಗ! ಬೀಗರು ಕುಲ್ಫಿ ಹಂಗ ಕರಗಿ ಹೋಗ್ತಾರ."

"ಕರಗ್ಲಿ. ಊರಿಗೆಲ್ಲಾ ಹೇಳಿದ ಮಾತು ಮಗಳ ಲಗ್ನದಾಗ ನುಂಗ್ಲೇನು?"

ಹಾಲಿನ ಹಿತ್ತಲಲ್ಲಿ ಛತ್ತಿನ ನಳಗಳಿಗೆಂದೇ ಎಪ್ಪತ್ತೈದು ಸಾವಿರ ಲೀಟರಿನ ಟಾಕಿ ಇತ್ತು. ಶಹಾಬಾದ್ ಫರ್ಸಿಗಳನ್ನು ನೆಟ್ಟಗೆ ನಿಲ್ಲಿಸಿ, ಸಂದಿಗೆ ಸಿಮೆಂಟು ತುಂಬಿ ಕಟ್ಟಿದ್ದು. ಎತ್ತರ ಆಳುದ್ದ, ಅಗಲ ಎರಡು ಬಸ್ಸು ನಿಲ್ಲುವಷ್ಟು. ಬೋರಿನ ನೀರು ಟಾಕಿಗೆ, ಟಾಕಿಯಿಂದ ಪಂಪಿಗೆ, ಪಂಪಿನಿಂದ ಛತ್ತಿಗೆ. ನಕ್ಷೆಯಲ್ಲಿ ಇದ್ದದ್ದು ಇಷ್ಟೇ.

ಮೊದಲ ತಪಾಸಣೆ ಮಾರ್ಚಿನಲ್ಲಿ, ರಂಜಾನ್ ನಡುವೆ. ಬಂದ ಅಧಿಕಾರಿ ದೇವಾನಂದ. ತಪಾಸಣೆಗೆ ಹೋದಲ್ಲಿ ಚಹಾ ಹಾಗಿರಲಿ, ನೀರೂ ಮುಟ್ಟದ ಮನುಷ್ಯ. ಗನಿ ಭಾಯಿಗೆ ರೋಜಾ ಉಪವಾಸ. ಹೀಗೆ ಇಬ್ಬರು ಒಣಗಿದವರು ಸೇರಿ ನೀರಿನ ವ್ಯವಸ್ಥೆ ನೋಡಲು ಹೊರಟರು. ನಳ ಸರಿ, ಪೈಪು ಸರಿ, ಪಂಪು ಸರಿ. ಟಾಕಿಯ ಮುಚ್ಚಳ ತೆಗೆದರೆ ತಳದಲ್ಲಿ ಕಣಕಾಲು ಮುಳುಗುವಷ್ಟು ನೀರು. ಗನಿ ಭಾಯಿ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಹಿಂದಿನ ವಾರ ತುಂಬಿ ತುಳುಕುತ್ತಿತ್ತು.

ಹಿತ್ತಲ ಗೋಡೆಯ ಬುಡದಲ್ಲಿ, ನಕ್ಷೆಯಲ್ಲಿ ಇಲ್ಲದ ಒಂದು ನಲ್ಲಿ ಇತ್ತು. ಅದರ ಮುಂದೆ ಕೊಡಗಳ ಸಾಲು ಓಣಿಯ ತಿರುವಿನವರೆಗೆ ಹೋಗಿತ್ತು. ನಲ್ಲಿ ಇಡಿಸಿದವರು ಅಮೃತಪ್ಪನ ಹೆಂಡತಿ ವಿಮಲಾಬಾಯಿ. ಊರ ನೀರು ಐದು ದಿನಕ್ಕೊಮ್ಮೆ ಬರುವ ಓಣಿ ಅದು.

"ವಿಮಲಕ್ಕ, ಇದು ಬೆಂಕಿಗೆ ಇಟ್ಟ ನೀರ್ರಿ!"

"ಬೆಂಕಿ ಎಲ್ಲದರಿ ಭಾಯಿ? ನಾ ನೋಡಿಲ್ಲ. ಓಣ್ಯಾಗ ಅರ್ಧ ಮಂದಿಗೆ ರೋಜಾ ಅದ. ಸಂಜಿಗೆ ಇಫ್ತಾರಿಗಂತ ಕೊಡ ಹಿಡ್ಕೊಂಡು ಬಂದ್ರ ಇಲ್ಲ ಅನ್ಲೇನು? ನೀವಾಗಿದ್ರ ಅಂತಿದ್ರೇನು?"

ಬೆಳಗಿನಿಂದ ಹನಿ ನೀರು ಮುಟ್ಟದ ಗನಿ ಭಾಯಿ ಕೊಡಗಳ ಸಾಲಿನಿಂದ ಮುಖ ತಿರುಗಿಸಿಕೊಂಡರು.

ದೇವಾನಂದ ಪುಸ್ತಕ ತೆಗೆದು 'ನೀರಿನ ಸಂಗ್ರಹ ಇಲ್ಲ' ಎಂದು ಬರೆದ. "ಈಗ ಪಂಪು ಚಾಲೂ ಮಾಡಿದ್ರ ಗಾಳಿ ಊದ್ತದ ಭಾಯಿ. ಗಾಳಿ ಊದೋದು ಒಲಿಗೆ."

ಈದ್ ಮುಗಿಯಿತು. ಗನಿ ಭಾಯಿ ನಲ್ಲಿಗೆ ಬೀಗ ಹಾಕಿಸಿ ಟಾಕಿ ತುಂಬಿಸಿದರು. 'ಇದು ಬೆಂಕಿಯ ನೀರು, ಯಾರೂ ಮುಟ್ಟಬಾರದು' ಎಂದು ಫಲಕ ಬರೆಸಿ ತೂಗುಹಾಕಿದರು. ಅದನ್ನು ಓದಿದ ಓಣಿಯ ಅಜ್ಜಿಯೊಬ್ಬಳು, "ಬಿಸಿನೀರು ಬ್ಯಾಸಗ್ಯಾಗ ಯಾರಿಗೆ ಬೇಕೋ ಯಪ್ಪ" ಎಂದು ಹೋದಳು. ಎರಡನೇ ತಪಾಸಣೆಯ ಮುಂಜಾನೆ ದೇವಾನಂದನ ಜೀಪಿನಿಂದ ಗನಿ ಭಾಯಿ ಹಗುರವಾಗಿ ಇಳಿದರು. ವಿಮಲಾಬಾಯಿ ಬಾಗಿಲಲ್ಲೇ ಕಾಯುತ್ತಿದ್ದರು. ಮುಖದಲ್ಲಿ ಹಬ್ಬದ ಕಳೆ.

"ಬರ್ರಿ ಸಾಹೇಬ್ರೆ, ಬರ್ರಿ. ಈ ಸಲ ಮುಚ್ಚಳ ತೆಗದು ನೋಡ್ರಿ."

ಮುಚ್ಚಳ ತೆಗೆದರು. ಟಾಕಿ ಲಕಲಕ ಹೊಳೆಯುತ್ತಿತ್ತು. ಫರ್ಸಿಯ ಮೇಲೆ ಮುಖ ಕಾಣಬಹುದಿತ್ತು. ಹನಿ ನೀರಿರಲಿಲ್ಲ.

"ಎಂಟು ದಿನದ ನೀರು, ಮ್ಯಾಲ ಪಾಚಿ ಕಟ್ಟಿತ್ರಿ. ದೊಡ್ಡ ಮನುಷ್ಯರು ಬಂದು ನಮ್ಮನಿ ಪಾಚಿ ನೋಡ್ಬೇಕೇನು? ನಿನ್ನೆ ಬೀಗ ತೆಗಿಸಿ, ಓಣಿ ಹೆಣ್ಮಕ್ಕಳನ್ನ ಒಳಗ ಇಳಿಸಿ, ಹುಣಸಿಹಣ್ಣು ಹಚ್ಚಿ ತಿಕ್ಕಿಸೀನಿ. ನೀರು ಹಾಳು ಮಾಡಿಲ್ರಿ ಮತ್ತ, ಎಲ್ಲಾ ಹಂಚೀನಿ."

ದೇವಾನಂದ ಈ ಕೆಲಸಕ್ಕೆ ಸೇರಿದ ಮೇಲೆ ತಪಾಸಣೆಯಲ್ಲಿ ನಕ್ಕದ್ದು ಅದೇ ಮೊದಲಂತೆ. ನಗುತ್ತಲೇ ಪುಸ್ತಕ ತೆಗೆದು ಹಿಂದಿನ ಸಾಲನ್ನೇ ಮತ್ತೆ ಬರೆದ. "ಮೂರನೇ ಸಲಾನೂ ಹಿಂಗಾದ್ರ ಅರ್ಜಿ ಹೊಸದಾಗಿ ಹಾಕ್ಬೇಕಾಗ್ತದ ಭಾಯಿ. ಜೂನ್ ತಿಂಗಳು ನೋಡ್ಬೇಕು."

ನಿಕಾಹಕ್ಕೆ ಉಳಿದದ್ದು ಹತ್ತೊಂಬತ್ತು ದಿನ. ಖಾಲಿ ತಿಂಗಳಿಗೆ ಮೊದಲೇ ಖಾಲಿ ಟಾಕಿ ಬಂದು ಕುಳಿತಿತ್ತು.

ಜೀಪು ಹೋದ ಮೇಲೆ ಅಮೃತಪ್ಪ ಗನಿ ಭಾಯಿಯನ್ನು ಬದಿಗೆ ಕರೆದ. "ಯಾಕಿಷ್ಟು ತಲಿ ಕೆಡಿಸ್ಕೊಂತೀರಿ? ಸಾಹೇಬ್ರು ಬರೋ ಮುಂಜಾನೆ ಟ್ಯಾಂಕರ್ ತರಿಸಿ ತುಂಬಿಬಿಡೂಣು. ಅವರು ನೋಡಿ ಹೋಗ್ಲಿ. ಆಮ್ಯಾಲ ಓಣಿ ಐತಿ, ವಿಮಲಾ ಅದಾಳ."

"ಸಾವ್ಕಾರ್ರೆ, ಆ ನೀರು ಸಾಹೇಬ್ರಿಗೆ ತೋರ್ಸಾಕಲ್ರಿ, ಬೆಂಕಿಗೆ ತೋರ್ಸಾಕ. ಬೆಂಕಿ ಮೊದ್ಲೇ ಹೇಳಿ ಬರಂಗಿಲ್ಲ."

"ಹಂಗಾದ್ರ ಆಕಿಗೆ ನೀವೇ ಹೇಳ್ರಿ. ನಾ ಹೇಳಿ ಹೇಳಿ ಸಾಕಾಗ್ಯದ."

ಹೇಳಿದರು. ವಿಮಲಾಬಾಯಿ ಕೇಳಿದರು, ತಲೆದೂಗಿದರು, ಬೆಲ್ಲ-ನೀರು ತಂದಿಟ್ಟರು. ಆಮೇಲೆ ಮೆಲ್ಲಗೆ ಕೇಳಿದರು: "ನೀರಿಗೆ ಬೀಗ ಹಾಕಿ ಬಂದು ನಾ ಯಾವ ಕೈಲಿ ಲಿಂಗಪೂಜಿ ಮಾಡ್ಲಿರಿ ಭಾಯಿ?"

ವಾಡಿಯ ಬಸ್ಸಿನಲ್ಲಿ ಕುಳಿತು ಗನಿ ಭಾಯಿ ಚೀಲದಿಂದ ಮದುವೆಯ ಕಾರ್ಡು ತೆಗೆದು ನೋಡಿದರು. ಬಂಗಾರದ ಅಕ್ಷರ ಮಿಂಚುತ್ತಿತ್ತು. ಹಾಲಿನ ಹೆಸರಿನ ಮೇಲೆ ಚೀಟಿ ಅಂಟಿಸಿ 'ಸಾಲಿ ಮೈದಾನ' ಎಂದು ಬರೆದರೆ ಹೇಗೆ ಕಾಣಬಹುದು ಎಂದು ಬೆರಳು ಅಡ್ಡ ಹಿಡಿದು ಪರೀಕ್ಷಿಸಿದರು. ಚೆನ್ನಾಗಿ ಕಾಣಲಿಲ್ಲ.

ಶಹಾಬಾದಿಗೆ ಬಂದಾಗ ಇಳಿಹೊತ್ತಿನ ಅಸರ್ ನಮಾಜಿನ ಸಮಯ. ಮಸೀದಿಯ ಅಂಗಳದಲ್ಲಿ, ನಮಾಜಿಗೆ ಮೊದಲು ವಜೂ ಮಾಡಿ ಶುಚಿಯಾಗಲು ಹೌದ ಎನ್ನುವ ಕಲ್ಲಿನ ಕೊಳ. ಅವರ ಅಜ್ಜ ಸೀಳಿದ ಫರ್ಸಿಗಳೂ ಅದರಲ್ಲಿ ಇವೆಯಂತೆ. ಕೈಕಾಲು ತೊಳೆದು ಮುಖಕ್ಕೆ ನೀರು ಎರಚಿಕೊಂಡ ಗನಿ ಭಾಯಿ ಅಲ್ಲಿಯೇ ಕುಳಿತುಬಿಟ್ಟರು. ಬೋರಿನ ನೀರು ಹೌದಕ್ಕೆ ಬೀಳುತ್ತಿತ್ತು. ಹೌದದ ದಂಡೆಯಲ್ಲಿ ಒಂದು ಕಡೆ ಗೇಣಗಲ ಕಲ್ಲು ಕೊರೆದಿತ್ತು. ತುಂಬಿ ಹೆಚ್ಚಾದ ನೀರು ಅಲ್ಲಿಂದ ಜಾರಿ ಹೊರಗಿನ ತೊಟ್ಟಿಗೆ ಇಳಿಯುತ್ತಿತ್ತು. ತೊಟ್ಟಿಯಲ್ಲಿ ಆಡುಗಳು ಬಾಯಿಟ್ಟಿದ್ದವು. ಆಡು ಎಷ್ಟು ಕುಡಿದರೂ ತೊಟ್ಟಿ ಮಾತ್ರ ಬರಿದಾದೀತು, ಹೌದ ಬೆರಳಿನಷ್ಟೂ ಇಳಿಯುವುದಿಲ್ಲ. ಹೊಸ ನೀರು ಬರುತ್ತಲೇ ಇರುವುದರಿಂದ ಪಾಚಿಯೂ ಕಟ್ಟುವುದಿಲ್ಲ. ಐವತ್ತು ವರ್ಷದಿಂದ ದಿನಕ್ಕೆ ಐದು ಸಲ ನೋಡಿದ್ದನ್ನು ಅವರು ಆರನೇ ಸಲ ಕಂಡರು.

ನಮಾಜು ಮುಗಿಸಿ ಮನೆಗೆ ಬಂದವರೇ ನೆಲದ ಮೇಲೆ ನಕ್ಷೆ ಹರವಿದರು.

"ಅಜೀ, ಊಟ?"

"ಊಟ ಇರ್ಲಿ, ರಬ್ಬರ್ ಎಲ್ಲದ?"

ಹೊಸ ನಕ್ಷೆಯಲ್ಲಿ ದೊಡ್ಡ ಟಾಕಿಗೆ ಬೆನ್ನು ಹಚ್ಚಿ ಇನ್ನೊಂದು ಸಣ್ಣ ಟಾಕಿ ಹುಟ್ಟಿತು. ನಡುವಿನ ಗೋಡೆಯ ಮೇಲ್ತುದಿಯಲ್ಲಿ ಗೇಣಗಲ ಕೊರೆತ. ಬೋರಿನ ನೀರು ಬೀಳುವುದು ದೊಡ್ಡದಕ್ಕೆ. ಅದು ತುಂಬಿ ಹೆಚ್ಚಾದದ್ದು ಸಣ್ಣದಕ್ಕೆ. ಪಂಪು ದೊಡ್ಡದರಲ್ಲಿ. ಓಣಿಯ ನಲ್ಲಿ ಸಣ್ಣದರಲ್ಲಿ. ಮರುದಿನ ನಕ್ಷೆ ಕಲಬುರಗಿಗೆ ಹೋಯಿತು. ವಾರ ಕಳೆಯುವುದರೊಳಗೆ ತಿದ್ದುಪಡಿಗೆ ಒಪ್ಪಿಗೆಯಾಗಿ ಮರಳಿತು. ಶಹಾಬಾದಿನಿಂದ ಟ್ರ್ಯಾಕ್ಟರಿನಲ್ಲಿ ಫರ್ಸಿ ಬಂದವು. ಗನಿ ಭಾಯಿ ಎಷ್ಟೋ ವರ್ಷಗಳ ಮೇಲೆ ಅಪ್ಪನ ಉಳಿ ಹುಡುಕಿ ತೆಗೆದು, ಆ ಒಂದು ಕೊರೆತವನ್ನು ತಾವೇ ಕೂತು ಕಡೆದರು. ಸೊಂಟ ಹಿಡಿದುಕೊಂಡಿತು. ಕೊರೆತ ಚೆನ್ನಾಗಿ ಬಂತು.

ಮೂರನೇ ತಪಾಸಣೆ ನಿಕಾಹಕ್ಕೆ ಐದು ದಿನ ಇರುವಾಗ. ಹಿತ್ತಲಲ್ಲಿ ಎಂದಿನಂತೆ ಕೊಡಗಳ ಸಾಲು. ಅಮೃತಪ್ಪ ಅವರನ್ನೆಲ್ಲ ಓಡಿಸಲು ಹೋದ. ಗನಿ ಭಾಯಿ ತಡೆದರು.

"ಇರ್ಲಿ ಬಿಡ್ರಿ. ಇವತ್ತು ಇವರೇ ನನ್ನ ಸಾಕ್ಷಿ."

ದೇವಾನಂದ ದೊಡ್ಡ ಟಾಕಿಯಲ್ಲಿ ಟೇಪು ಬಿಟ್ಟು ಅಳೆದ. ಕಂಠಮಟ್ಟ. ಅವನಿಗೆ ನಂಬಿಕೆ ಬರಲಿಲ್ಲ. ಈ ಟಾಕಿಯ ಚರಿತ್ರೆ ಅವನಿಗೆ ಗೊತ್ತಿತ್ತು. ಬೋರು ಬಂದ್ ಮಾಡಿಸಿ ಹೆಂಗಸರ ಕಡೆ ತಿರುಗಿದ.

"ತುಂಬ್ಕೊರ್ರಿ. ಯಾರೂ ಸಂಕೋಚ ಮಾಡಬ್ಯಾಡ್ರಿ."

ಇಂಥ ಸರಕಾರಿ ಆದೇಶವನ್ನು ಆ ಓಣಿ ಕೇಳಿಯೇ ಇರಲಿಲ್ಲ. ಕೊಡ ಬಂದವು, ಹಂಡೆ ಬಂದವು, ಭಾಗ್ಯಜ್ಯೋತಿ ಎಂಬಾಕೆ ಮಗುವಿನ ತೊಟ್ಟಿಲು ಬಿಟ್ಟು ಮನೆಯ ಪಾತ್ರೆಯನ್ನೆಲ್ಲ ತಂದಳು. ಒಂದು ತಾಸಿನಲ್ಲಿ ಸಣ್ಣ ಟಾಕಿಯ ತಳ ಕಂಡಿತು. ದೇವಾನಂದ ಮತ್ತೆ ದೊಡ್ಡದರಲ್ಲಿ ಟೇಪು ಬಿಟ್ಟ. ಅದೇ ಕಂಠಮಟ್ಟ. ಪಂಪು ಚಾಲೂ ಮಾಡಿಸಿದ. ಪರೀಕ್ಷೆಯ ನಳದಿಂದ ನೀರು ಆನೆಯ ಸೊಂಡಿಲಿನಂತೆ ನುಗ್ಗಿತು.

"ಇದು ಯಾವ ಪುಸ್ತಕದಾಗ ಅದ ಭಾಯಿ?"

"ನಿಮ್ಮ ಪುಸ್ತಕದಾಗೂ ಅದ ಅಂತ ಆಮ್ಯಾಲ ಗೊತ್ತಾತು. ನಾ ನೋಡಿದ್ದು ನಮ್ಮ ಹೌದದಾಗ."

"ಹೌದಾ?"

"ಹೌದರಿ."

ಗುರುವಾರ ಪರವಾನಿಗೆ ಕೈಗೆ ಬಂತು. ಗನಿ ಭಾಯಿ ಮೊದಲು ಮಾಡಿದ ಕೆಲಸ, ದೊಡ್ಡ ಟಾಕಿಯ ಮುಚ್ಚಳಕ್ಕೆ ಬೀಗ ಹಾಕಿ ಬೀಗದ ಕೈಯನ್ನು ವಿಮಲಾಬಾಯಿಗೆ ಕೊಟ್ಟದ್ದು. ಅಮೃತಪ್ಪ ಕಣ್ಣು ಕಣ್ಣು ಬಿಟ್ಟ. "ಯಾರಿಗೆ ಕೊಡ್ಲಿಕತ್ತೀರಿ, ಖಬರ್ ಅದೇನ್ರಿ?"

"ವಿಮಲಕ್ಕ, ಸಣ್ಣದು ನಿಮ್ಮ ಓಣಿದು. ದೊಡ್ಡದು, ಒಳಗ ಕುಂತ ಆರುನೂರು ಮಂದಿದು. ಅವರು ಕೇಳಾಕ ಬರಂಗಿಲ್ಲ, ಅವರ ಪರವಾಗಿ ನೀವೇ ಇಟ್ಕೊರ್ರಿ."

ವಿಮಲಾಬಾಯಿ ಬೀಗದ ಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

ಭಾನುವಾರ ಬಂತು. ಚಿಂಚೋಳಿಯಿಂದ ಎರಡು ಬಸ್ಸು ಬೀಗರು, ಶಹಾಬಾದಿನಿಂದ ಒಂದು ಬಸ್ಸು ನೆಂಟರು, ಓಣಿಯಂತೂ ಪೂರಾ. ದೇವಾನಂದನೂ ಬಂದಿದ್ದ, ಇದು ತಪಾಸಣೆಯಲ್ಲವಾದ್ದರಿಂದ ಎರಡು ಗ್ಲಾಸು ಶರಬತ್ತು ಕುಡಿದ. ಹನ್ನೊಂದು ಗಂಟೆಗೆ ಕರೆಂಟು ಹೋಯಿತು. ಜನರೇಟರಿನಿಂದ ದೀಪ, ಫ್ಯಾನು, ಬೆಂಕಿಯ ಪಂಪು ನಡೆಯುವಂತಿತ್ತು. ಬೋರು ಮಾತ್ರ ನಿಂತಿತು. ಕೈ ತೊಳೆಯುವವರು, ಪಾತ್ರೆ ತೊಳೆಯುವವರು ಸೇರಿ ಸಣ್ಣ ಟಾಕಿಯನ್ನು ತಳ ಕಾಣಿಸಿದರು. ಅಡುಗೆಯ ಅಬ್ರಾರ ಸೌಟು ಹಿಡಿದುಕೊಂಡೇ ಓಡಿಬಂದ.

"ಭಾಯಿ, ಎಸರಿಗೆ ನೀರಿಲ್ಲ! ಹತ್ತು ಕೊಡ ಆದ್ರೂ ಬೇಕು. ಇಲ್ಲಂದ್ರ ಬೀಗರಿಗೆ ಹಸಿ ಅಕ್ಕಿ ಬಡಿಸ್ರಿ, ಕೋಳಿ ಹಂಗ ತಿನ್ಲಿ."

ಗನಿ ಭಾಯಿಯ ಹೊಸ ಶೇರ್ವಾನಿ ಬೆವರಿನಿಂದ ಬೆನ್ನಿಗೆ ಅಂಟಿತು. ಖಾಜಿ ಸಾಹೇಬರು ಬಂದು ಕುಳಿತಿದ್ದರು. ಬೀಗರ ಹಿರಿಯರು ಗಡಿಯಾರ ನೋಡುತ್ತಿದ್ದರು. ಹಿತ್ತಲಿಗೆ ಬಂದರೆ ಎದುರಿಗೆ ದೊಡ್ಡ ಟಾಕಿ, ತುಂಬಿ ನಿಂತ ಎಪ್ಪತ್ತೈದು ಸಾವಿರ ಲೀಟರ್. ಹತ್ತು ಕೊಡ ಎಂದರೆ ಅದಕ್ಕೆ ಲೆಕ್ಕಕ್ಕೇ ಇಲ್ಲ. ಟಾಕಿಯ ಪಕ್ಕ ನೆರಳಿನಲ್ಲಿ ವಿಮಲಾಬಾಯಿ ಕುರ್ಚಿ ಹಾಕಿಕೊಂಡು ಕುಳಿತಿದ್ದರು.

"ಅಕ್ಕ, ಹತ್ತೇ ಹತ್ತು ಕೊಡ. ಕರೆಂಟು ಬಂದಕೂಡ್ಲೇ ತುಂಬಿಬಿಡ್ತೀನಿ."

ವಿಮಲಾಬಾಯಿಯ ಕೈ ಸೊಂಟದ ಗಂಟಿನ ಮೇಲೆ ಹೋಯಿತು, ಅಲ್ಲೇ ನಿಂತಿತು.

"ಇದು ಬೆಂಕಿ ನೀರ್ರಿ ಭಾಯಿ."

"ನನಗ ಗೊತ್ತಿಲ್ಲೇನಕ್ಕ? ನಾನೇ ಬರದೀನಿ."

"ನೀವು ಬರದಿದ್ದೇ ಹೇಳಾಕತ್ತೀನಿ. ಒಳಗ ಆರುನೂರು ಮಂದಿ ಕುಂತಾರ. ಹ್ವಾದ ತಿಂಗಳಾಗಿದ್ರ ಕೊಡ್ತಿದ್ದೆ. ಈಗ ಅವರೊಳಗ ನಗ್ಮಾ ಕುಂತಾಳ."

ಹುಟ್ಟಿದಾಗಿನಿಂದ ಒಬ್ಬರಿಗೂ ನೀರಿಲ್ಲ ಎನ್ನದ ವಿಮಲಾಬಾಯಿಯ ಬಾಯಿ ಮೊದಲ ಸಲ ಇಲ್ಲ ಎಂದಿತ್ತು, ಅದೂ ಗನಿ ಭಾಯಿಗೇ.

ವಿಮಲಾಬಾಯಿ ಎದ್ದು ಹಿತ್ತಲ ಬಾಗಿಲಿಗೆ ಹೋಗಿ, ಸೊಂಟಕ್ಕೆ ಕೈಯಿಟ್ಟು ಓಣಿಗೆ ಕೇಳುವಂತೆ ಕೂಗಿದರು. "ಏ ಭಾಗ್ಯಾ! ಏ ಜಬೀನಾ! ಮನ್ಯಾಗ ಯಾರ್ಯಾರ ಕಡೆ ನೀರದ, ತರ್ರೆವ್ವಾ! ಲಗ್ನದ ಮನಿ ಎಸರಿಗೆ ನೀರು ಕಮ್ಮಿ ಬಿದ್ದದ!"

ಎರಡು ತಿಂಗಳು ಆ ಟಾಕಿಯಿಂದ ಹೊರಹೋದ ನೀರು ಈಗ ತಲೆಯ ಮೇಲೆ, ಸೊಂಟದ ಮೇಲೆ ಕುಳಿತು ಹಿಂದಿರುಗತೊಡಗಿತು. ಮದುವೆಗೆಂದು ಉಟ್ಟ ರೇಷ್ಮೆ ಸೀರೆ, ಜರಿಯ ದುಪಟ್ಟಾ, ಯಾವುದನ್ನೂ ಯಾರೂ ಲೆಕ್ಕಿಸಲಿಲ್ಲ. ಕೇಳಿದ್ದು ಹತ್ತು ಕೊಡ. ಬಂದದ್ದನ್ನು ಎಣಿಸಲು ಹೋಗಿ ಅಬ್ರಾರ ಮೂವತ್ತರ ನಂತರ ಬಿಟ್ಟುಬಿಟ್ಟ. ಬಿಸಿಲಿನಲ್ಲಿ ನಿಂತ ಗನಿ ಭಾಯಿ ಬಂದ ಬಂದವರಿಗೆ ಸಲಾಂ ಮಾಡುತ್ತಲೇ ಇದ್ದರು.

ಬಗಾರಾದ ಘಮ ಹೊರಗೆ ಬರುವ ಹೊತ್ತಿಗೆ ಒಳಗೆ "ಕಬೂಲ್ ಹೈ" ಎಂಬ ಮಾತೂ ಆಯಿತು. ಗನಿ ಭಾಯಿ ಮಾತ್ರ ಇನ್ನೂ ನಿಂತೇ ಇದ್ದರು, ಅಡುಗೆಯ ಕಡೆ ಒಂದು ಕಣ್ಣು, ಛತ್ತಿನ ಕಡೆ ಒಂದು ಕಣ್ಣು. ವಿಮಲಾಬಾಯಿ ತಮ್ಮ ಕುರ್ಚಿಯನ್ನು ಹಾಲಿನೊಳಗೆ ಎಳೆದು ತಂದು, ಒಂದು ಛತ್ತಿನ ನಳದ ನೇರ ಕೆಳಗೆ ಇಟ್ಟರು.

"ಕುಂದ್ರಿ ಭಾಯಿ, ಕುಂದ್ರಿ. ಕಾಗದ ಬಂದದಲ್ಲ!"